ಎರಡು ಶಾಯಿಯ ಹಾಜರಿ ಪುಸ್ತಕ

ಕಮಲಾಪುರ
ಕಾರ್ತಿಕ ಬಹುಳ ಬಿದಿಗೆ, ಭಾನುವಾರ ಮಧ್ಯಾಹ್ನ

ಅವ್ವನ ಪಾದಗಳಿಗೆ ಹರಿಪ್ರಿಯಾಳ ನಮಸ್ಕಾರ. ನಾನೂ ಇವರೂ ಚೆನ್ನಾಗಿದ್ದೇವೆ.

ತುಳಸಿ ಲಗ್ನಕ್ಕೆ ನಾನು ಬರಲಿಲ್ಲವೆಂದು ನಿನಗೆ ಸಿಟ್ಟು ಬಂದಿದೆಯೆಂದು ಆನಂದತೀರ್ಥ ಫೋನಿನಲ್ಲಿ ಹೇಳಿದ. ತಮ್ಮ ಹೇಳದಿದ್ದರೂ ನನಗೆ ಗೊತ್ತಾಗುತ್ತಿತ್ತು. ಸಿಟ್ಟು ಬಂದರೆ ನೀನು ಮಾತು ಬಿಡುವವಳಲ್ಲ, ನೆಲ್ಲಿಕಾಯಿ ಉಪ್ಪಿನಕಾಯಿ ಕಳಿಸುವುದನ್ನು ಬಿಡುವವಳು. ಈ ವಾರ ನಮ್ಮ ಶಾಲೆಯ ಇಮಾಮುದ್ದೀನ್ ಸರ್ ಕಲಬುರಗಿಯಿಂದ ಬರಿಗೈಯಲ್ಲಿ ಬಂದಾಗಲೇ ನನಗೆ ಅರ್ಥವಾಯಿತು.

ಶಾಲೆಯಲ್ಲಿ ತಪಾಸಣೆ ಇದೆ, ರಜೆ ಸಿಗಲಿಲ್ಲ ಎಂದು ಆನಂದನಿಗೆ ಹೇಳಿದ್ದೆ. ಅದು ಸುಳ್ಳು. ತಪಾಸಣೆಯೂ ಇರಲಿಲ್ಲ, ಏನೂ ಇರಲಿಲ್ಲ. ಆ ದಿನ ಸಂಜೆ ನೀವೆಲ್ಲ ಅಂಗಳದಲ್ಲಿ ಕಬ್ಬು ಕಟ್ಟಿ ತುಳಸಿಗೆ ಅಂತರಪಟ ಹಿಡಿದಿದ್ದಾಗ ನಾನು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಬ್ಬರ ಮನೆಯ ಬಾಗಿಲಲ್ಲಿ ಕುಳಿತಿದ್ದೆ. ಯಾಕೆಂದು ಹೇಳುವುದಕ್ಕೇ ಈ ಪತ್ರ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಎಡಗಿವಿ ಪೂರ್ತಿ ಮುಷ್ಕರ ಹೂಡಿದೆ, ಬಲಗಿವಿ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಎದುರಿನ ಮಠದವರಿಗೂ ಕೇಳುವ ಹಾಗೆ ಕೂಗಬೇಕು. ಇದು ಕೂಗಿ ಹೇಳುವ ಮಾತಲ್ಲ. ಕನ್ನಡಕ ಹಾಕಿಕೊಂಡು ನೀನೇ ಓದು, ಕೌಸ್ತುಭನ ಕೈಯಲ್ಲಿ ಓದಿಸಬೇಡ. ಮೊಮ್ಮಗ ದೊಡ್ಡವನಾದ ಮೇಲೆ ನಾನೇ ಹೇಳುತ್ತೇನೆ. ಇಮಾಮುದ್ದೀನ್ ಸರ್ ನಾಳೆ ಶಾಲೆ ಮುಗಿಸಿ ರೋಜಾ ಬಡಾವಣೆಯ ತಮ್ಮ ಮನೆಗೆ ಹೋಗುವ ದಾರಿಯಲ್ಲಿ ಈ ಪತ್ರ ಕೊಡುತ್ತಾರೆ. ಅವರಿಗೆ ಚಹಾ ಕೊಡದೆ ಕಳಿಸಬೇಡ.

ನೀನು ಗಾಬರಿಯಾಗುವ ಮೊದಲೇ ಹೇಳಿಬಿಡುತ್ತೇನೆ, ಎಲ್ಲ ಸುಸೂತ್ರವಾಯಿತು. ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಹತ್ತನೆಯ ಪರೀಕ್ಷೆಯ ಅರ್ಜಿಯ ಮೇಲೆ ಒಬ್ಬ ಹುಡುಗಿ ಸಹಿ ಹಾಕಿದಳು. ಮನೆಗೆ ಬಂದು ನಾನು ಎರಡು ಸಲ ಅನ್ನ ಬಡಿಸಿಕೊಂಡೆ. ನಾಲ್ಕೈದು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಇವರು ನನ್ನ ತಟ್ಟೆಯನ್ನೇ ನೋಡುತ್ತ ಕುಳಿತಿದ್ದರು. 'ತಹಸೀಲ್ ಆಫೀಸಿನಲ್ಲಿ ನಾವು ಇಷ್ಟು ಖುಷಿಯಾಗೋದು ವರ್ಗಾವಣೆ ರದ್ದಾದಾಗ ಮಾತ್ರ' ಎಂದು ನಗಾಡಿದರು.

ಹುಡುಗಿಯ ಹೆಸರು ಭಾಗ್ಯ. ಹತ್ತನೆಯ ತರಗತಿ, ನನ್ನದೇ ಕ್ಲಾಸು. ತಾಯಿ ಚಂದಮ್ಮ ಬಾಳೆಯ ತೋಟದಲ್ಲಿ ಕೂಲಿ, ತಂದೆ ಮರೆಪ್ಪ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾನೆ. ಕೊನೆಯ ಮಗಳು. ಮೇಲಿನ ಇಬ್ಬರು ಅಣ್ಣಂದಿರು ಎಂಟಕ್ಕೇ ನಿಂತರು. ಇವಳ ಅಕ್ಷರ ನೋಡಬೇಕವ್ವಾ ನೀನು. ನಿನ್ನ ಅಕ್ಷರದ ಜೊತೆ ಇಟ್ಟು ತೂಗಬಹುದು, ನನ್ನದನ್ನಂತೂ ಆ ತಕ್ಕಡಿಗೆ ಹಾಕಲೇಬಾರದು. ಲೆಕ್ಕದಲ್ಲೂ ಚುರುಕು. ಮೊದಲ ದರ್ಜೆ ತಪ್ಪಿದ್ದಲ್ಲವೆಂದು ಇಮಾಮುದ್ದೀನ್ ಸರ್ ಜೂನ್‌ನಿಂದಲೂ ಹೇಳುತ್ತಿದ್ದರು.

ಆ ಹುಡುಗಿ ದೀಪಾವಳಿ ರಜೆ ಮುಗಿದ ಮೇಲೆ ಶಾಲೆಗೆ ಬರಲಿಲ್ಲ.

ಒಂದು ದಿನ, ಎರಡು ದಿನ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹಬ್ಬದ ಮೇಲೆ ಮಕ್ಕಳು ನಾಲ್ಕು ದಿನ ತಪ್ಪಿಸುವುದು ನಿನಗೇನು ಹೊಸದಲ್ಲ. ಹತ್ತಿ ಬಿಡಿಸಲು ಹೋಗಿರಬೇಕು ಅಂದುಕೊಂಡೆ. ಒಂದು ವಾರವಾಯಿತು. ಯಾರ ಹತ್ತಿರ ಹೇಳಿಕಳಿಸಿದರೂ 'ಬರ್ತಾಳಂತ್ರೀ' ಎಂಬ ಉತ್ತರ, ಹುಡುಗಿ ಮಾತ್ರ ಇಲ್ಲ. ಅಷ್ಟರಲ್ಲಿ ಪರೀಕ್ಷೆಯ ಅರ್ಜಿಗಳು ಬಂದವು. ಶನಿವಾರ ಶಾಲೆ ಬಿಡುವುದರೊಳಗೆ ಎಲ್ಲರ ಸಹಿ ಆಗಬೇಕು, ತಪ್ಪಿದವರು ಮುಂದಿನ ವರ್ಷವೇ. ಮುಂದಿನ ವರ್ಷ ಎಂದರೆ ಏನೆಂದು ನಿನಗೆ ಹೇಳಬೇಕೆ. ಆ ಓಣಿಯಲ್ಲಿ ಒಂದು ವರ್ಷ ಮನೆಯಲ್ಲಿ ಕುಳಿತ ಹೆಣ್ಣು ಮಗು ಮತ್ತೆ ಶಾಲೆಯ ಕಡೆ ಮುಖ ಮಾಡಿದ್ದನ್ನು ನಾನು ಕಂಡಿಲ್ಲ. ಅದರ ಮೇಲೆ ಇನ್ನೊಂದು ಸುದ್ದಿ ಬಂತು. ಹೈದರಾಬಾದಿನಲ್ಲಿರುವ ಅವಳ ಸೋದರತ್ತೆಗೆ ಕೂಸು ನೋಡಿಕೊಳ್ಳಲು ಹುಡುಗಿ ಬೇಕಂತೆ, ಭಾನುವಾರದ ಬಸ್ಸಿಗೆ ಭಾಗ್ಯ ಹೊರಡುತ್ತಾಳಂತೆ. ಈ ಪತ್ರ ಬರೆಯುತ್ತಿರುವ ಇದೇ ಭಾನುವಾರ.

ಅದಕ್ಕೇ ತುಳಸಿ ಲಗ್ನದ ಸಂಜೆ ನಾನು ಅವರ ಮನೆಗೆ ಹೋದೆ.

ಚಂದಮ್ಮ ತೋಟದಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದಳು. ನನ್ನನ್ನು ಕಂಡು ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ, ಸೆರಗಿನಿಂದ ಒರೆಸಿ ಕೂರಿಸಿದಳು. 'ಏನ್ ಮಾಡ್ಲಿರೀ ಬಾಯಾರ, ಓದಾಕ ಮನಸಿಲ್ಲ ಅಂತಾಳ. ಯಾಕ ಅಂದ್ರ ಬಾಯಿ ಬಿಡವಲ್ಲಳು. ಹೊಡದು ಕಳಿಸಲೇನ್ರೀ?' ಎಂದಳು. ಭಾಗ್ಯ ಒಳಗಿದ್ದಳು, ನಾನು ಕರೆದರೂ ಹೊರಗೆ ಬರಲಿಲ್ಲ. ಓದಿನ ಮಹತ್ವ, ಸರಕಾರ ಕೊಡುವ ಸೌಲಭ್ಯ, ನರ್ಸ್ ಆದವರ ಕಥೆ, ಟೀಚರ್ ಆದವರ ಕಥೆ, ಎಲ್ಲವನ್ನೂ ಗೋಡೆಗೆ ಕೇಳುವಂತೆ ಹೇಳಿದೆ. ಗೋಡೆ ಶಾಂತವಾಗಿ ಕೇಳಿಸಿಕೊಂಡಿತು.

ಹೊರಡುವಾಗ ಚಂದಮ್ಮ ನಾಲ್ಕು ಕೆಂಪು ಬಾಳೆಹಣ್ಣು ಕೈಗಿಟ್ಟಳು. ನಾನು ಬೇಡ ಬೇಡವೆನ್ನುತ್ತಿದ್ದಾಗ, 'ತಗೋರಿ ಬಾಯಾರ, ಹಣ್ಣಿಗೇನ್ ಮೈಲಿಗಿ ಇಲ್ಲಲ್ರೀ' ಎಂದಳು. ಕುಹಕದಿಂದಲ್ಲ. ನಮ್ಮ ಮನೆಯ ಮಡಿಯ ನಿಯಮ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಲೆಕ್ಕ ಹಾಕಿಯೇ ಅವಳು ನೀರು ಬೇಕೇ, ಚಹಾ ಬೇಕೇ ಎಂದು ನನ್ನನ್ನು ಕೇಳಿರಲಿಲ್ಲ. ಕಲಬುರಗಿಯ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಹೊರಗಿನವರಿಗೆಂದು ಬೋರಲು ಹಾಕಿಟ್ಟಿರುವ ಸ್ಟೀಲ್ ಲೋಟ ನೆನಪಾಯಿತು. ಆಗಲೂ ನಾನು ಹಣ್ಣು ತೆಗೆದುಕೊಂಡು, ದೊಡ್ಡ ಉಪಕಾರ ಮಾಡಿದವಳ ಹಾಗೆ ಬೀಗುತ್ತ ಮನೆಗೆ ಬಂದೆ.

ಇನ್ನೊಂದು ಮಾತು. 'ನೀವು ಇಂದೂಬಾಯಾರ ಮಗಳಲ್ಲೇನ್ರೀ? ಅವರ ಅಕ್ಷರ ಭಾಳ ಚಂದ ಇದ್ವು' ಎಂದಳು ಚಂದಮ್ಮ. ನೀನು ಇದೇ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಿಯಾಗಿ ಇಪ್ಪತ್ತು ವರ್ಷವಾದರೂ ನಿನ್ನ ಅಕ್ಷರದ ಕೀರ್ತಿ ಈ ಊರಲ್ಲಿ ಉಳಿದಿದೆ ನೋಡು ಎಂದು ನನಗೆ ಹೆಮ್ಮೆಯಾಯಿತು.

ಮರುದಿನ ಗುರುವಾರ. ಹಾಜರಿ ಕರೆದು ಮುಗಿಸಿದ್ದೆ. ಭಾಗ್ಯಳ ಪಕ್ಕ ಕೂರುವ ಸನೋಬರ್ ಎಂಬ ಹುಡುಗಿ ವರಾಂಡದಲ್ಲಿ ನನ್ನ ಹಿಂದೆಯೇ ಬಂದಳು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ, 'ಬೈಬ್ಯಾಡ್ರೀ ಟೀಚರ್. ಭಾಗ್ಯ ನಿಮ್ಮಿಂದನ ಬರವಲ್ಲಳ್ರೀ' ಎಂದಳು. ನನಗೆ ನಗು ಬಂತು. ನನ್ನಿಂದಲೇ? ಕ್ಲಾಸಿನಲ್ಲಿ ನಾನು ಯಾರನ್ನಾದರೂ ಮುದ್ದು ಮಾಡುತ್ತೇನೆಂದರೆ ಅದು ಅವಳನ್ನೇ. 'ನಾನೇನು ಮಾಡಿದೆನೇ?' ಎಂದೆ. 'ನೀವು ಆಕಿ ಹೆಸರು ತಿದ್ದಿದ್ರಲ್ರೀ' ಎಂದಳು.

ಅವ್ವಾ, ಇಲ್ಲಿಯವರೆಗೆ ನಾನು ನಿನಗೊಂದು ಸಂಗತಿ ಹೇಳದೆ ಬಿಟ್ಟಿದ್ದೆ. ಪತ್ರ ಬರೆಯಲು ಕುಳಿತಾಗ ಅದನ್ನು ಬರೆಯದೇ ಮುಗಿಸಲಾದೀತೇ ಎಂದೂ ಯೋಚಿಸಿದ್ದೆ. ಆಗುವುದಿಲ್ಲ.

ನನಗೆ ನೌಕರಿ ಸಿಕ್ಕ ದಿನ ನೀನು ಎರಡು ಶಾಯಿಪೆನ್ನು ಕೊಟ್ಟಿದ್ದೆ, ನೆನಪಿದೆಯೇ? ಒಂದು ನೀಲಿ, ಒಂದು ಕೆಂಪು. ಹಾಜರಿ ಪುಸ್ತಕವೆಂದರೆ ಶಿಕ್ಷಕಿಯ ಮುಖವಿದ್ದಂತೆ, ಅದರಲ್ಲಿ ಕಲೆ ಇರಬಾರದು ಎಂದಿದ್ದೆ. ತಿಂಗಳ ಮೊದಲು ಹೊಸ ಪುಟಕ್ಕೆ ಹೆಸರು ಬರೆಯುವಾಗ ಪರಿಶಿಷ್ಟ ಜಾತಿ ಪಂಗಡದ ಮಕ್ಕಳ ಹೆಸರು ಕೆಂಪು ಶಾಯಿಯಲ್ಲಿ, ಉಳಿದವರದು ನೀಲಿಯಲ್ಲಿ ಬರೆ, ತಿಂಗಳ ಕೊನೆಗೆ ಒಟ್ಟು ಲೆಕ್ಕದ ಗೋಷ್ವಾರೆ ಮಾಡುವಾಗ ಎಣಿಸಲು ಸುಲಭ ಎಂದಿದ್ದೆ. ಇಪ್ಪತ್ತಾರು ವರ್ಷ ನಾನು ಅದನ್ನು ತಪ್ಪಿಸಿಲ್ಲ. ಈಗ ಎಲ್ಲ ವಿವರವೂ ಕಂಪ್ಯೂಟರಿನಲ್ಲಿದೆ, ಕೆಂಪು ಶಾಯಿಯನ್ನು ಯಾರೂ ಕೇಳುವುದಿಲ್ಲ. ಆದರೂ ಕೈ ತಾನಾಗಿ ಪೆನ್ನು ಬದಲಿಸುತ್ತದೆ. ವಿದ್ಯಾರ್ಥಿವೇತನದ ಕಾಗದ ಬಂದರೆ ಕೆಂಪಿನಲ್ಲಿರುವ ಹೆಸರುಗಳನ್ನಷ್ಟೇ ಓದಿ ಎದ್ದು ನಿಲ್ಲಿಸುವುದೂ ರೂಢಿ. ಅವರಿಗೆ ಹಣ ಸಿಗಲೆಂದು ತಾನೇ, ಅದರಲ್ಲೇನು ಕೆಟ್ಟದ್ದು ಎಂದುಕೊಂಡಿದ್ದೆ.

ಮಳೆಗಾಲದಲ್ಲಿ ಚಿಕುನ್‌ಗುನ್ಯಾ ಬಂದು ಹೋದ ಮೇಲೆ ನನ್ನ ಬಲಗೈ ಮಣಿಕಟ್ಟು ಇನ್ನೂ ಸರಿಹೋಗಿಲ್ಲ. ದೀಪಾವಳಿಗೆ ಮುಂಚಿನ ಬುಧವಾರ ನವೆಂಬರ್ ಪುಟಕ್ಕೆ ಹೆಸರು ಬರೆಯುವುದಿತ್ತು, ಕೈ ಏಳಲಿಲ್ಲ. ಭಾಗ್ಯಳನ್ನು ಕರೆದು ಹಾಜರಿ ಪುಸ್ತಕ ಕೊಟ್ಟೆ, ಎರಡೂ ಪೆನ್ನು ಕೊಟ್ಟೆ. ಹಿಂದಿನ ತಿಂಗಳು ನೋಡಿಕೊಂಡು ಇದ್ದ ಹಾಗೆಯೇ ಬರೆ, ಕೆಂಪಿದ್ದದ್ದು ಕೆಂಪು, ನೀಲಿಯಿದ್ದದ್ದು ನೀಲಿ ಎಂದೆ. ಅವಳ ಅಕ್ಷರಕ್ಕೆ ನಾನು ಕೊಟ್ಟ ಮರ್ಯಾದೆ ಅದು ಎಂದೇ ನನ್ನ ತಿಳಿವಳಿಕೆ. ಹುಡುಗಿ ಖುಷಿಯಿಂದ ಮುಂದಿನ ಬೆಂಚಿನಲ್ಲಿ ಕುಳಿತಳು.

ನಲವತ್ತೊಂದು ಹೆಸರು. ಅದರಲ್ಲಿ ಹದಿನಾಲ್ಕು ಕೆಂಪು. ಬರೆಯುತ್ತ ಬರೆಯುತ್ತ ಅವಳಿಗೆ ತಿಳಿದಿರಬೇಕು, ಕೆಂಪಿನಲ್ಲಿರುವವರೆಲ್ಲ ಯಾವ ಓಣಿಯವರು, ಯಾವ ತಾಂಡಾದವರು ಎಂದು. ಹಾಜರಿ ಪುಸ್ತಕ ಅಷ್ಟು ಹತ್ತಿರದಿಂದ ಅವಳು ಹಿಂದೆಂದೂ ನೋಡಿರಲಿಲ್ಲ. ಬರೆದು ತಂದುಕೊಟ್ಟಳು. ಒಂದೇ ಒಂದು ಚಿತ್ತಿಲ್ಲ. ಎಲ್ಲ ಕೆಂಪೂ ಕೆಂಪಾಗಿತ್ತು, ಎಲ್ಲ ನೀಲಿಯೂ ನೀಲಿಯಾಗಿತ್ತು. ಇಪ್ಪತ್ತೇಳನೆಯದು ಮಾತ್ರ, ಅವಳ ಸ್ವಂತ ಹೆಸರು, ನೀಲಿಯಲ್ಲಿತ್ತು.

ನಾನು ಏನು ಮಾಡಿದೆ ಗೊತ್ತೇ? ಇಡೀ ಕ್ಲಾಸಿನ ಮುಂದೆ, ನಗುನಗುತ್ತ, 'ನೋಡಮ್ಮಾ ಜಾಣೆ, ಒಂದು ತಪ್ಪು ಮಾಡಿಬಿಟ್ಟೆ, ನಿನ್ನ ಹೆಸರು ಕೆಂಪಿನಲ್ಲಿ ಬರಬೇಕು' ಎಂದೆ. ಕೆಂಪು ಪೆನ್ನು ತೆಗೆದು ಅವಳ ಹೆಸರಿನ ಮೇಲೆ ತೀಡಿದೆ. ಒಂದು ಸಲಕ್ಕೆ ನೀಲಿ ಮುಚ್ಚಲಿಲ್ಲವೆಂದು ಇನ್ನೊಂದು ಸಲ ತೀಡಿದೆ. ಅವಳು ಮೇಜಿನ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ನನ್ನ ಗಮನವೆಲ್ಲ ಪುಟ ಹೊಲಸಾಯಿತಲ್ಲ ಎಂಬುದರ ಮೇಲೆ.

ಆ ಕ್ಷಣ ಕ್ಲಾಸಿಗೆಲ್ಲ ಕೆಂಪೆಂದರೆ ಯಾರೆಂದು ತಿಳಿಯಿತು. ಅದೇ ಮಧ್ಯಾಹ್ನ ಹುಡುಗರು ಕಬಡ್ಡಿಗೆ ಕೆಂಪು ಟೀಮು, ನೀಲಿ ಟೀಮು ಎಂದು ಮಾಡಿದರಂತೆ. ಹೆಣ್ಣುಮಕ್ಕಳಲ್ಲಿ ಒಬ್ಬಳು, ಹೆಸರು ಬೇಡ, ಡಬ್ಬಿಯ ರೊಟ್ಟಿ ಹಂಚುವಾಗ 'ನೀನು ಕೆಂಪಲ್ಲೇನು' ಎಂದು ಭಾಗ್ಯಳನ್ನು ದಾಟಿ ಮುಂದಿನವಳಿಗೆ ಕೊಟ್ಟಳಂತೆ. ಸಂಜೆ ಮನೆಗೆ ಹೋಗುವಾಗ ಭಾಗ್ಯ ಸನೋಬರಳಿಗೆ ಒಂದೇ ಮಾತು ಹೇಳಿದಳಂತೆ, 'ನನ್ನ ಹೆಸರು ನಾನಾದ್ರೂ ನೀಲಿಲೇ ಬರ್ಕೋಬಾರ್ದೇನು?'

ಇಷ್ಟನ್ನೂ ಸನೋಬರ್ ವರಾಂಡದಲ್ಲೇ ಹೇಳಿದಳು ಅವ್ವಾ. ನಮ್ಮ ಶಾಲೆಯ ಗೋಡೆಯ ಮೇಲೆ 'ಶಿಕ್ಷಣ ಪ್ರತಿ ಮಗುವಿನ ಹಕ್ಕು' ಎಂದು ಮೊಳದುದ್ದದ ಅಕ್ಷರದಲ್ಲಿ ಬರೆಸಿದ್ದೇವೆ. ಬರೆಸುವಾಗ ಕಾಗುಣಿತ ನೋಡಿದವಳೂ ನಾನೇ. ಆ ಹಕ್ಕನ್ನು ಕಸಿಯಲು ಬಾಗಿಲು ಹಾಕಬೇಕಿಲ್ಲ, ಬೈಯಬೇಕಿಲ್ಲ, ಒಂದು ಪೆನ್ನು ಸಾಕಾಯಿತು. ನಾಚಿಕೆಯಿಂದ ಸತ್ತುಹೋದೆ.

ಹೆಡ್‌ಮಾಸ್ತರರ ಹತ್ತಿರ ಹೋಗಿ ನವೆಂಬರ್ ಪುಟವನ್ನು ಒಂದೇ ಶಾಯಿಯಲ್ಲಿ ಹೊಸದಾಗಿ ಬರೆಯುತ್ತೇನೆಂದೆ. ಅವರು ಒಳ್ಳೆಯವರೇ, ಆದರೆ ಹೆದರುಪುಕ್ಕಲರು. ಹಾಜರಿ ಪುಸ್ತಕ ಸರಕಾರಿ ದಾಖಲೆ, ಕೆಟ್ಟು ಹಾಳಾಗದ ಹೊರತು ಪುಟ ಬದಲಿಸುವಂತಿಲ್ಲ, ನಲವತ್ತು ವರ್ಷದಿಂದ ನಡೆದು ಬಂದದ್ದನ್ನು ನಾವ್ಯಾರು ಮುರಿಯಲು ಎಂದರು. ನಲವತ್ತು ವರ್ಷದ್ದನ್ನು ನೋಡೇಬಿಡೋಣವೆಂದು ಸ್ಟೋರ್ ರೂಮಿನ ಹಳೆಯ ಹಾಜರಿ ಪುಸ್ತಕಗಳನ್ನು ತೆಗೆಸಿದೆ. ನಡುವೆ ಹೆಸರು ಹೊಡೆದುಹಾಕಿದ ಮಕ್ಕಳೆಷ್ಟು, ಅದರಲ್ಲಿ ಕೆಂಪು ಎಷ್ಟು ಎಂದು ಎಣಿಸಿದೆ. ನೀನು ಹೇಳಿದ್ದು ನಿಜ, ಎಣಿಸಲು ಬಹಳ ಸುಲಭವಾಯಿತು. ಹೊಡೆದುಹಾಕಿದ ಹತ್ತು ಹೆಸರಿನಲ್ಲಿ ಏಳೆಂಟು ಕೆಂಪೇ. ಎಲ್ಲರೂ ಶಾಯಿ ನೋಡಿಯೇ ಬಿಟ್ಟರು ಎನ್ನುವಷ್ಟು ದಡ್ಡಿ ನಾನಲ್ಲ. ಬಡತನವಿರುತ್ತದೆ, ಕೂಲಿ ಇರುತ್ತದೆ, ಮದುವೆ ಇರುತ್ತದೆ. ಆದರೆ ಅವರು ಯಾಕೆ ಬಿಟ್ಟರೆಂದು ನಾವು ಒಂದು ಸಲವೂ ಕೇಳಲಿಲ್ಲ. ಎಣಿಸಿದೆವು, ಗೋಷ್ವಾರೆ ಕಳಿಸಿದೆವು.

ಶುಕ್ರವಾರ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕದ ಮೇಲೆ ಒಂದು ಲೋಟ ಚಹಾ ಚೆಲ್ಲಿತು. ಸರಿಯಾಗಿ ನವೆಂಬರ್ ಪುಟದ ಮೇಲೆಯೇ. ಹೇಗೆ ಚೆಲ್ಲಿತೆಂದು ಕೇಳಬೇಡ. ಇಮಾಮುದ್ದೀನ್ ಸರ್ ಮಾತ್ರ ಗಂಭೀರವಾಗಿ, 'ಇನ್ನೊಂದ್ ಲೋಟ ತರಿಸ್ಲೇನ್ರೀ, ಮೂಲ್ಯಾಗ ಇನ್ನಾ ಒಂದ್ ಹೆಸರು ತೊಯ್ದಿಲ್ಲ' ಎಂದರು. ಹೆಡ್‌ಮಾಸ್ತರರು ತಲೆಗೆ ಕೈಹಚ್ಚಿಕೊಂಡರೂ 'ಪುಟ ಕೆಟ್ಟದ್ದರಿಂದ ಹೊಸ ಪುಟ' ಎಂದು ಹಸಿರು ಶಾಯಿಯಲ್ಲಿ ಬರೆದು ಸಹಿ ಮಾಡಿಕೊಟ್ಟರು. ಅವರ ತುಟಿಯ ಅಂಚಿನಲ್ಲಿ ನಗು ಇತ್ತು. ನೋಯುವ ಕೈಯಲ್ಲೇ ನಲವತ್ತು ಹೆಸರು ನೀಲಿಯಲ್ಲಿ ಬರೆದೆ. ಇಪ್ಪತ್ತೇಳನೆಯ ಸಾಲು ಖಾಲಿ ಬಿಟ್ಟೆ.

ಅಂದು ಸಂಜೆ ಮತ್ತೆ ಅವರ ಮನೆಗೆ ಹೋದೆ. ಒಳಗೆ ಟ್ರಂಕಿನ ಪಕ್ಕ ಬಟ್ಟೆ ಮಡಿಸಿಟ್ಟ ಕೈಚೀಲ ಕಂಡಿತು. ಈ ಸಲ ಕುರ್ಚಿ ಬೇಡವೆಂದು ಒಳಗೇ ಹೋಗಿ ಭಾಗ್ಯಳ ಎದುರು ನೆಲದ ಮೇಲೆ ಕುಳಿತೆ. ನನ್ನದು ತಪ್ಪಾಯಿತು ಎಂದು ಅವಳ ತಾಯಿಯ ಎದುರಿಗೇ ಹೇಳಿದೆ. ಏನು ತಪ್ಪು ಎಂಬುದನ್ನೂ ಹೇಳಿದೆ. ಚಂದಮ್ಮನಿಗೆ ಅಲ್ಲಿಯವರೆಗೆ ಏನೂ ತಿಳಿದಿರಲಿಲ್ಲ. ಕೇಳಿ ಮಗಳ ಕಡೆ ನೋಡಿದಳು, ನಿನ್ನ ಅಕ್ಷರ ಚಂದವೆಂದು ಆ ದಿನ ಹೇಳಿದಾಗ ಇದ್ದ ಮುಖವೇ ಆಗಲೂ ಇತ್ತು.

ಭಾಗ್ಯ ತಲೆ ಎತ್ತಿ, 'ಮನಿಗೆ ಬಂದು ಹೇಳಿದ್ರ ಏನ್ ಬಂತ್ರೀ ಟೀಚರ್. ತಿದ್ದಿದ್ದು ಕ್ಲಾಸಿನ್ಯಾಗ' ಎಂದಳು.

ಹದಿನೈದು ವರ್ಷದ ಹುಡುಗಿ. ಚಂದಮ್ಮ 'ಏ, ಬಾಯಾರಿಗೆ ಹಂಗ ಅಂತಾರೇನ' ಎಂದು ಗದರಿಸಿದಳು. ಅವಳನ್ನು ತಡೆದೆ. ನ್ಯಾಯ ಹುಡುಗಿಯ ಕಡೆಗಿತ್ತು. 'ನಾಳೆ ಬೆಳಿಗ್ಗೆ ಕ್ಲಾಸಿನಲ್ಲೇ ಹೇಳುತ್ತೇನೆ, ಬಂದು ಕೇಳು. ಒಳಗೆ ಬರುವುದು ಬಿಡುವುದು ಆಮೇಲೆ ನೋಡೋಣ' ಎಂದೆ. ಅವಳು ಟ್ರಂಕಿನ ಪಕ್ಕದ ಕೈಚೀಲದ ಕಡೆ ನೋಡಿದಳು.

ಏಳುವ ಮೊದಲು ಚಂದಮ್ಮನಿಗೆ ಚಹಾ ಮಾಡು ಎಂದು ನಾನೇ ಕೇಳಿದೆ. ಅವಳು ನನ್ನನ್ನೂ ಒಲೆಯನ್ನೂ ಎರಡೆರಡು ಸಲ ನೋಡಿದಳು. ಪೆಟ್ಟಿಗೆಯಿಂದ ಹೂವಿನ ಚಿತ್ರದ ಹೊಸ ಕಪ್ಪು ತೆಗೆದು ಮೂರು ಸಲ ತೊಳೆದಳು. ಕುಡಿದೆ ಅವ್ವಾ. ಸಕ್ಕರೆ ಜಾಸ್ತಿಯಾಗಿತ್ತು, ಅಷ್ಟೇ. ನೀನು ಈ ಸಾಲು ಓದಿ ಪಂಚಗವ್ಯ ತಯಾರು ಮಾಡುತ್ತೀಯೋ, ನಗುತ್ತೀಯೋ ತಿಳಿಯದು. ಮುಚ್ಚಿಡುವುದು ಬೇಡವೆಂದು ಬರೆದೆ.

ನಿನ್ನೆ ಶನಿವಾರ ಬೆಳಗಿನ ಶಾಲೆ. ಪ್ರಾರ್ಥನೆಯಲ್ಲಿ ಭಾಗ್ಯ ಇರಲಿಲ್ಲ. ಕ್ಲಾಸಿಗೆ ಹೋದೆ, ಅಲ್ಲೂ ಇರಲಿಲ್ಲ. ಆದರೂ ಹೇಳುವುದನ್ನು ಹೇಳಲೇಬೇಕಲ್ಲ. ಮಕ್ಕಳೇ, ಹೋದ ತಿಂಗಳ ಕೊನೆಗೆ ನಾನು ಈ ಕ್ಲಾಸಿನಲ್ಲಿ ಒಂದು ತಪ್ಪು ಮಾಡಿದೆ ಎಂದು ಶುರುಮಾಡಿದೆ. ಅಷ್ಟರಲ್ಲಿ ಮಕ್ಕಳ ಕಣ್ಣೆಲ್ಲ ಬಾಗಿಲ ಕಡೆ ತಿರುಗಿದವು. ಚೀಲ ಹೆಗಲಿಗೆ ಹಾಕಿಕೊಂಡು, ಎರಡು ಜಡೆ ಬಿಗಿಯಾಗಿ ಹೆಣೆದುಕೊಂಡು ಅವಳು ಹೊಸ್ತಿಲಾಚೆ ನಿಂತಿದ್ದಳು. ಒಳಗೆ ಬಾ ಎನ್ನಲಿಲ್ಲ ನಾನು, ಅವಳೂ ಬರಲಿಲ್ಲ.

ಭಾಗ್ಯ ಬರೆದದ್ದು ಸರಿಯಿತ್ತು, ನಾನು ತಿದ್ದಿದ್ದು ತಪ್ಪು ಎಂದೆ. ಯಾರ ಹೆಸರಿಗೂ ಬೇರೆ ಬಣ್ಣ ಹಚ್ಚುವ ಅಧಿಕಾರ ನನಗಿಲ್ಲ, ಇಷ್ಟು ವರ್ಷ ಹಚ್ಚಿದ್ದು ನನ್ನ ದಡ್ಡತನ, ಅದಕ್ಕೆ ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ ಎಂದೆ. ಹೊಸ ಪುಟ ಎತ್ತಿ ತೋರಿಸಿದೆ. ಹಿಂದಿನ ಬೆಂಚಿನ ರೇವಣ ಎದ್ದು ನಿಂತು, 'ಯಾರದೂ ಕೆಂಪಿಲ್ಲೇನ್ರೀ ಟೀಚರ್?' ಎಂದ. ಯಾರದೂ ಇಲ್ಲ ಎಂದೆ. 'ಹಂಗಾದ್ರ ಕಬಡ್ಡಿಗೆ ಟೀಮ್ ಹ್ಯಾಂಗ್ ಮಾಡೂದ್ರೀ?' ಎಂದ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಬಾಗಿಲಲ್ಲಿ ನಿಂತವಳೂ ನಕ್ಕಳು. ಅವಳ ನಗು ನೋಡಿ ನನಗೆ ಅಳು ಬಂತು, ಬೋರ್ಡಿನ ಕಡೆ ತಿರುಗಿ ಒರೆಸಲು ಏನೂ ಇಲ್ಲದ ಬೋರ್ಡನ್ನೇ ಒರೆಸಿದೆ.

ಹಾಜರಿ ಕರೆಯತೊಡಗಿದೆ. ಇಪ್ಪತ್ತಾರು ಮುಗಿದ ಮೇಲೆ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಆ ಕಡೆ ತಿರುಗಿಸಿಟ್ಟೆ. ಅವಳು ಹೊಸ್ತಿಲು ದಾಟಿ ಬಂದಳು. ಮೇಜಿನ ಮೇಲೆ ಹೆಡ್‌ಮಾಸ್ತರರು ಹಾಜರಿ ಪುಸ್ತಕದ ಜೊತೆ ಮರೆತು ಬಿಟ್ಟಿದ್ದ ಹಸಿರು ಪೆನ್ನು, ಅದರ ಪಕ್ಕ ನನ್ನ ನೀಲಿ ಪೆನ್ನು ಇದ್ದವು. ಎರಡನ್ನೂ ನೋಡಿ, 'ಹಸಿರಲೇ ಬರೀಲೇನ್ರೀ?' ಎಂದಳು. ಕಣ್ಣಲ್ಲಿ ತುಂಟತನವಿತ್ತು. 'ಅದು ಹೆಡ್‌ಮಾಸ್ತರರದು. ಅದು ಬೇಕಾದರೆ ಮೊದಲು ಹತ್ತನೆಯದು ಪಾಸು ಮಾಡು, ಆಮೇಲೆ ಆ ಕುರ್ಚಿಯಲ್ಲಿ ಕೂತು ಬರೆ' ಎಂದೆ. ನೀಲಿ ತೆಗೆದುಕೊಂಡು ಬರೆ‍ದಳು. ನಾನು ಓದಿ ಕರೆದೆ. 'ಹಾಜರ್ರೀ ಟೀಚರ್' ಎಂದಳು, ಅಕ್ಕಪಕ್ಕದ ಕ್ಲಾಸಿಗೂ ಕೇಳುವ ಹಾಗೆ.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಅರ್ಜಿಗೆ ಸಹಿ ಆಯಿತು. ನಾನು ಮೊದಲೇ ಹೇಳಿದೆನಲ್ಲ. ಎರಡು ವಾರದಿಂದ ಆಗಾಗ ತಪ್ಪಿಸುತ್ತಿದ್ದ ತಾಂಡಾದ ಇಬ್ಬರು ಹುಡುಗರೂ ನಿನ್ನೆ ಪೂರ್ತಿ ಕುಳಿತರು. ಇವತ್ತು ಬೆಳಿಗ್ಗೆ ಹೈದರಾಬಾದಿನ ಬಸ್ಸು ಹೋದಾಗ ನಾನು ತರಕಾರಿಯ ನೆವ ಮಾಡಿಕೊಂಡು ಬಸ್‌ಸ್ಟ್ಯಾಂಡಿನಲ್ಲೇ ಇದ್ದೆ. ಭಾಗ್ಯ ಹತ್ತಲಿಲ್ಲ. ಅವಳ ಅಪ್ಪ ಮರೆಪ್ಪ ಬಂದು ಕಂಡಕ್ಟರನ ಕೈಗೆ ತಂಗಿಗೆಂದು ಒಂದು ಜೋಳದ ಚೀಲ ಕೊಟ್ಟು ಹೋದ. ಬದನೆಕಾಯಿ ಬೇಡವಾಗಿದ್ದರೂ ಎರಡು ಕಿಲೋ ಕೊಂಡು ಬಂದಿದ್ದೇನೆ.

ಎಲ್ಲ ಸರಿಹೋಯಿತೆಂದು ಹೇಳುವುದಿಲ್ಲ. ರೊಟ್ಟಿ ಕೊಡದೆ ದಾಟಿ ಹೋದ ಹುಡುಗಿ ನಾಳೆಯೂ ಅದೇ ಬೆಂಚಿನಲ್ಲಿ ಕೂರುತ್ತಾಳೆ. ಅವಳ ತಾಯಿಯ ಜೊತೆಗೂ ನಾನು ಮಾತಾಡಬೇಕು. ಉಳಿದ ಕ್ಲಾಸುಗಳ ಹಾಜರಿ ಪುಸ್ತಕಗಳು ಡಿಸೆಂಬರಿನಿಂದ ಒಂದೇ ಶಾಯಿಯಲ್ಲಿರುತ್ತವೆ ಎಂದು ಹೆಡ್‌ಮಾಸ್ತರರು ಮಾತು ಕೊಟ್ಟಿದ್ದಾರೆ, ಚಹಾ ದುಬಾರಿಯಾಯಿತು ಎಂದು ಗೊಣಗುತ್ತ.

ಅವ್ವಾ, ನಿನ್ನನ್ನು ಬೈಯಲು ಇದನ್ನು ಬರೆದಿಲ್ಲ. ಇಪ್ಪತ್ತಾರು ವರ್ಷ ನನಗೂ ಹೊಳೆಯಲಿಲ್ಲ. ನಮಗೆ ಹೊಳೆಯಬೇಕಾದ ಅಗತ್ಯವೇ ಬರಲಿಲ್ಲ, ನಮ್ಮ ಹೆಸರು ಯಾವಾಗಲೂ ನೀಲಿಯಲ್ಲೇ ಇತ್ತು. ನೀನು ಕೊಟ್ಟ ಕೆಂಪು ಪೆನ್ನನ್ನು ಎಸೆಯಲು ಮನಸ್ಸಾಗಲಿಲ್ಲ. ಬಿಸಿನೀರಿನಲ್ಲಿ ತೊಳೆದು ನೀಲಿ ಶಾಯಿ ತುಂಬಿದ್ದೇನೆ. ಈ ಪತ್ರದ ಮೊದಲ ಪುಟ ಸ್ವಲ್ಪ ನೇರಳೆಯಾಗಿ ಕಂಡರೆ ಕಣ್ಣಿನ ದೋಷವೆಂದುಕೊಳ್ಳಬೇಡ. ಈಗ ಸರಿಯಾಗಿ ಬರೆಯುತ್ತಿದೆ.

ಮುಂದಿನ ಭಾನುವಾರ ಬರುತ್ತೇನೆ. ಉಪ್ಪಿನಕಾಯಿ ತೆಗೆದಿಡು. ಮಂಡಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡ.

ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡಿರುವ ನಿನ್ನ ಮಗಳು,
ಹರಿಪ್ರಿಯಾ

ತಾ.ಕ.: ಹಳೆಯ ಹಾಜರಿ ಪುಸ್ತಕ ತೆಗೆಸಿದೆನೆಂದೆನಲ್ಲ, ಅದರಲ್ಲಿ ತೊಂಬತ್ತನೆಯ ಇಸವಿಯ ಒಂಬತ್ತನೆಯ ತರಗತಿಯದು ನಿನ್ನದು. ಮುತ್ತಿನಂಥ ಅಕ್ಷರ, ಒಂದು ಚಿತ್ತಿಲ್ಲ. ಹತ್ತೊಂಬತ್ತನೆಯ ಸಾಲಿನಲ್ಲಿ ಚಂದಮ್ಮ ಎಂಬ ಹೆಸರಿದೆ, ಕೆಂಪಿನಲ್ಲಿ. ನವೆಂಬರಿನವರೆಗೆ ಒಂದು ದಿನವೂ ತಪ್ಪಿಸಿಲ್ಲ, ಆಮೇಲೆ ಬಂದಿಲ್ಲ. ಸಂಕ್ರಾಂತಿ ಕಳೆದ ಮೇಲೆ ನೀನು ಗೆರೆ ಎಳೆದು 'ಸತತ ಗೈರುಹಾಜರಿ' ಎಂದು ಬರೆದಿದ್ದೀ. ಭಾಗ್ಯಳ ತಾಯಿಯೇ ಅವಳು. ಆಗ ಯಾಕೆ ಬಿಟ್ಟೆ ಎಂದು ಶುಕ್ರವಾರ ಕೇಳಿದೆ. 'ಮನ್ಯಾಗ ಎಮ್ಮಿ ಈದಿತ್ತ್ರೀ' ಎಂದು ನಕ್ಕಳು. ನಾನು ನಂಬಲಿಲ್ಲ, ಮತ್ತೆ ಕೇಳುವ ಧೈರ್ಯವೂ ಆಗಲಿಲ್ಲ. ಬುಧವಾರ ಕಣ್ಣಿನ ತಪಾಸಣೆಗೆ ಕಲಬುರಗಿಗೆ ಬರುತ್ತಾಳೆ, ಬಾಯಾರನ್ನು ನೋಡಿ ಹೋಗುತ್ತೇನೆಂದಳು. ನನ್ನಿಂದ ಕೇಳಲಾಗದ್ದನ್ನು ನೀನು ಕೇಳು. ಈ ಪತ್ರದ ಜೊತೆ ಬಂದ ಬಾಳೆಗೊನೆ ಅವಳದೇ. ಅವಳಿಗೂ, ನಾಳೆ ಇಮಾಮುದ್ದೀನ್ ಸರ್‌ಗೂ ಚಹಾ ಕೊಡುವಾಗ ಕಿಟಕಿಯ ಲೋಟ ತೆಗೆಯಬೇಡ. ನಾವು ಕುಡಿಯುವ ಕಪ್ಪಿನಲ್ಲೇ ಕೊಡು.